ಮಗುವಿನ ಡಬ್ಬ ಮೊದಲು

ಚಾಮರಾಜಪೇಟೆಯ ಆ ಅಡ್ಡರಸ್ತೆಗೆ ಬೆಳಿಗ್ಗೆ ಏಳಕ್ಕೆ ಹೋದವರಿಗೆ ಮೊದಲು ಸದ್ದು ಸಿಗುತ್ತದೆ, ಆಮೇಲೆ ಅಂಗಡಿ. ಚಿಕ್ಕಮುನಿಯಪ್ಪನ ಹಿಟ್ಟಿನ ಗಿರಣಿ ಅದು. ಬೀದಿಯವರ ಬಾಯಲ್ಲಿ ಬರೀ ‘ಮಿಷಿನ್’. ಬಾಗಿಲಲ್ಲಿ ಡಬ್ಬಗಳ ಸಾಲು, ಒಳಗೆ ಹಿಟ್ಟಿನ ಮೋಡ, ಮೋಡದ ನಡುವೆ ಅರವತ್ತಾರು ವರ್ಷದ ಮುನಿಯಪ್ಪ. ಹುಬ್ಬು, ಕಿವಿಯ ಕೂದಲು, ಅಂಗಿಯ ಕಾಲರು, ಎಲ್ಲಕ್ಕೂ ಒಂದೇ ಬಣ್ಣ.

ಅವನ ಅಪ್ಪ ಸೊಪ್ಪು ಬೆಳೆದು ತಲೆಯ ಮೇಲೆ ಹೊತ್ತು ಮಾರಿದವನು. ಬೆಳೆಯುವ ನೆಲವನ್ನೇ ಊರು ನುಂಗಿದ ಮೇಲೆ ತಾಯಿ ಸುಬ್ಬಲಕ್ಷ್ಮಮ್ಮ ಕಿವಿಯ ಓಲೆ ಮಾರಿ ಈ ಮಿಷಿನ್ ಹಾಕಿಸಿದಳು. ಹಾಕಿಸಿದ ದಿನವೇ ಒಂದು ಕಟ್ಟಳೆಯನ್ನೂ ಹಾಕಿದಳು. ಸಾಲು ಎಷ್ಟೇ ಉದ್ದವಿರಲಿ, ಎಂಥ ದೊಡ್ಡ ಮನುಷ್ಯರೇ ನಿಂತಿರಲಿ, ಮಗುವಿನ ರಾಗಿ ಸರಿಯ ಡಬ್ಬ ಬಂದರೆ ಅದು ಮೊದಲು. ಬೀಸುವ ಕಲ್ಲು ಹಿಂದಿನದನ್ನು ಬೇಗ ಬಿಡುವುದಿಲ್ಲ. ಗೋಧಿಯ ಹಿಂದೆ ಅಕ್ಕಿ ಹಾಕಿದರೆ ಅಕ್ಕಿಯಲ್ಲಿ ಗೋಧಿ ಬಂದೇ ಬರುತ್ತದೆ. ಆದ್ದರಿಂದ ಮಗುವಿನದಕ್ಕೆ ದಿನದ ಮೊದಲ ಸುತ್ತು, ತೊಳೆದ ಬಟ್ಟೆ ಚೀಲ. ಒಂದು ಹಿಡಿ ಅಕ್ಕಿ ಹಾಕಿ ಕಲ್ಲನ್ನು ಚೊಕ್ಕ ಮಾಡಿ, ಆಮೇಲೆ ಮಗುವಿನ ರಾಗಿ. ಅದಕ್ಕೆ ಕೂಲಿಯೂ ಇಲ್ಲ. “ಹಲ್ಲಿಲ್ಲದೋರ ಹತ್ರ ಏನ್ ಕೂಲಿ ಕೇಳೋದು?” ಎನ್ನುತ್ತಿದ್ದಳಂತೆ ಆ ಮುದುಕಿ. ಆ ಕಟ್ಟಳೆಯ ಹಿಟ್ಟು ತಿಂದು ಬೆಳೆದವರು ಈಗ ಮೊಮ್ಮಕ್ಕಳ ಡಬ್ಬ ಹಿಡಿದು ಬರುತ್ತಾರೆ. ಬರುತ್ತಿದ್ದರು ಎನ್ನಬೇಕು.

ಏಕೆಂದರೆ ಸಾಲು ಕರಗುತ್ತ ಬಂತು. ಹಿಟ್ಟು ಪೊಟ್ಟಣದಲ್ಲಿ ಬಂತು, ಪೊಟ್ಟಣ ಫೋನಿನಲ್ಲಿ ಬಂತು. ಕೊರೊನಾ ಕಾಲದಲ್ಲಿ ಬಿಟ್ಟುಹೋದ ಮನೆಗಳಲ್ಲಿ ಅರ್ಧದಷ್ಟು ತಿರುಗಿ ಬರಲಿಲ್ಲ. ಕರೆಂಟಿನ ಬಿಲ್ಲು ಮಾತ್ರ ತಪ್ಪದೆ ಬಂತು.

ಅದೇ ರಸ್ತೆಯ ಮೂಲೆಯಲ್ಲಿ ಮಾಯಣ್ಣನ ಖಾರದ ಮಿಷಿನ್. ಮೆಣಸಿನಕಾಯಿ, ಸಾರಿನ ಪುಡಿ, ಸೀಗೆಕಾಯಿ ಅವನ ಪಾಲು. ಮಾಗಡಿ ಕಡೆಯ ಒಕ್ಕಲು ಮನೆಯವನು. ಮೂವತ್ತು ವರ್ಷ ಒಂದೇ ರಸ್ತೆಯಲ್ಲಿದ್ದರೂ ಇಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಮಾಯಣ್ಣನ ಘಾಟಿಗೆ ಮುನಿಯಪ್ಪ ಸೀನುವುದು, ಮುನಿಯಪ್ಪ ಸೀನಿದ್ದಕ್ಕೆ ಮಾಯಣ್ಣ ನಗುವುದು, ಅಷ್ಟೇ ಅವರ ಬಳಕೆ. ಕಳೆದ ವರ್ಷ ಮಾಯಣ್ಣ ಬಾಡಿಗೆಗಿದ್ದ ಹಳೇ ಕಟ್ಟಡ ಒಡೆಯಲು ಬಂದರು. ಹೊಸ ಜಾಗಕ್ಕೆ ಕೇಳಿದ ಮುಂಗಡ ಅವನ ಎಟುಕಿನಲ್ಲಿರಲಿಲ್ಲ.

ಆಗ ನಡುವೆ ಬಂದವಳು ಶೈಲಜಮ್ಮ. ಬೀದಿಯ ಹನ್ನೆರಡು ಹೆಂಗಸರ ಸ್ವಸಹಾಯ ಸಂಘ ಅವಳದು. ಗಂಡಂದಿರ ಕೆಲಸ ಹೋದ ಮನೆಗಳು, ಕೆಲಸವಿದ್ದೂ ಸಾಲದ ಮನೆಗಳು. ರಾಗಿ ಮಾಲ್ಟು, ಹುಳಿಪುಡಿ ಮಾಡಿ ಸಂಪಿಗೆ ರಸ್ತೆಯ ಅಂಗಡಿಗಳಿಗೆ ಕೊಡುತ್ತಿದ್ದರು. ಅವಳು ಒಂದು ಸಂಜೆ ಮಾಯಣ್ಣನನ್ನು ಕೈ ಹಿಡಿದು ಎಳೆದುಕೊಂಡು ಬಂದಂತೆಯೇ ಗಿರಣಿಗೆ ಕರೆತಂದಳು.

“ಇವರ ಮಿಷಿನ್ ನಿಮ್ಮ ಅಂಗಡೀಲಿ ಇಟ್ಕೊಳಿ. ಬಾಡಿಗೆ ಇಬ್ಬರಿಗೂ ಅರ್ಧ ಆಗತ್ತೆ. ನಮ್ಮ ರಾಗಿನೂ ಇಲ್ಲೇ, ನಮ್ಮ ಮೆಣಸಿನಕಾಯೂ ಇಲ್ಲೇ,” ಎಂದಳು.

“ರಾಗಿ ಪಕ್ಕದಲ್ಲಿ ಮೆಣಸಿನಕಾಯಾ? ಏನಮ್ಮಾ ಶೈಲಜಮ್ಮಾ, ಅಳಿಯನ ಪಕ್ಕ ಷಡ್ಡಕನ್ನ ಮಲಗಿಸ್ದಂಗೆ ಮಾತಾಡ್ತೀಯ!” ಎಂದ ಮುನಿಯಪ್ಪ.

“ಅವನು ಬೇಡ ಅಂದ್ರೆ ಬೇಡ ಬಿಡಮ್ಮ,” ಎಂದ ಮಾಯಣ್ಣ. “ಗುಜರಿಗೆ ಹಾಕ್ತೀನಿ. ಕಬ್ಬಿಣಕ್ಕೆ ಈಗ ಒಳ್ಳೇ ರೇಟಿದೆ.”

ಗುಜರಿ ಎಂಬ ಮಾತು ಮುನಿಯಪ್ಪನಿಗೆ ನಾಟಿತು. ತನ್ನ ಮಿಷಿನ್ನಿಗೂ ಅದೇ ದಾರಿ ಎಂದು ಅವನಿಗೆ ಗೊತ್ತಿತ್ತು.

ಹೀಗೆ ಕೂಡಿಕೊಂಡರು. ಅಂಗಡಿಗೆ ಮಂಜೂರಾಗಿದ್ದ ಕರೆಂಟು ಒಂದು ಮೋಟಾರಿಗೆ ಮಾತ್ರ ಸಾಲುತ್ತಿತ್ತು. ಆದ್ದರಿಂದ ಮಧ್ಯಾಹ್ನ ಒಂದರವರೆಗೆ ರಾಗಿ, ಅಕ್ಕಿ, ಗೋಧಿ, ಎರಡರಿಂದ ಖಾರ. ಹಿಟ್ಟು ಚೆಲ್ಲದಂತೆ ಮಿಷಿನ್ನಿನ ಬಾಯಿಗೆ ಕಟ್ಟುವ ಬಟ್ಟೆ ಚೀಲಗಳಿಗೆ ಗೋಡೆಯಲ್ಲಿ ಎರಡು ಮೊಳೆ. ಎಡಗಡೆಯದು ಮುನಿಯಪ್ಪನದು, ಬಲಗಡೆಯದು ಮಾಯಣ್ಣನದು.

ಮುನಿಯಪ್ಪ ಯಾರಿಗೂ ಹೇಳದೆ ಇಟ್ಟುಕೊಂಡ ವಿಷಯ ಒಂದಿತ್ತು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣಿನದು ಬಲಿತಿದೆ, ಆಪರೇಷನ್ ಆದ ಮೇಲೆ ಒಂದು ತಿಂಗಳು ಧೂಳಿನ ಹತ್ತಿರ ಸುಳಿಯಬಾರದು ಎಂದಿದ್ದರು ಡಾಕ್ಟರು. ಒಂದು ತಿಂಗಳು ಬಾಗಿಲು ಹಾಕಿದ ಗಿರಣಿ ಮತ್ತೆ ತೆರೆದದ್ದನ್ನು ಅವನು ಕಂಡಿರಲಿಲ್ಲ. ಹಿಟ್ಟು ನೋಡುವುದು ಕಣ್ಣಲ್ಲವಲ್ಲ, ಬೆರಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ಬಾಳ್ವೆ ಮಾಡಿದವನು, ಇನ್ನೂ ಸ್ವಲ್ಪ ದಿನ ಎಂದುಕೊಂಡ. ಅಂಥ ಸ್ವಲ್ಪ ದಿನಗಳು ಸೇರಿ ಎರಡು ವರ್ಷವಾಗಿತ್ತು.

ಅವರು ಕೂಡಿಕೊಂಡ ಮೂರನೇ ತಿಂಗಳು, ಒಂದು ಮಂಗಳವಾರ ಬೆಳಿಗ್ಗೆ ವಿನುತಾ ಬಂದಳು. ಹಿಂದಿನ ಬೀದಿಯವಳು, ಎಂಟು ತಿಂಗಳ ಕೂಸಿನ ತಾಯಿ. ಸೋಮವಾರ ಬೀಸಿಸಿಕೊಂಡು ಹೋಗಿದ್ದ ಡಬ್ಬವನ್ನು ಸಾಲಿನ ಮುಂದೆ ಕುಕ್ಕಿದಳು.

“ತಿಂದ್ ನೋಡಿ ತಾತ. ನೀವೇ ತಿಂದ್ ನೋಡಿ. ರಾತ್ರಿಯೆಲ್ಲ ಅತ್ತಿದೆ ಮಗು. ತುಟಿ ಎಲ್ಲಾ ಕೆಂಪಗಾಗಿದೆ.”

ಮುನಿಯಪ್ಪ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡ. ಮೊದಲು ರಾಗಿ. ಆಮೇಲೆ ನಾಲಿಗೆಯ ಬುಡದಲ್ಲಿ ಸಣ್ಣಗೆ ಉರಿ.

ಸಾಲಿನಲ್ಲಿ ಆರು ಜನ ನಿಂತಿದ್ದರು. ಮಾಯಣ್ಣ ಆಗಷ್ಟೇ ಮೆಣಸಿನಕಾಯಿ ಮೂಟೆ ಇಳಿಸಲು ಬಂದಿದ್ದ. ಮುನಿಯಪ್ಪ ಅವನತ್ತ ತಿರುಗಿದ.

“ಬಂತಲ್ಲಪ್ಪ, ನನ್ನ ತಾಯಿ ಕಟ್ಟಿದ ಮಾತಿಗೆ ಖಾರ ಹಾಕಿದೆಯಲ್ಲ! ಸಾಯಂಕಾಲ ಗುಡಿಸಿ ಹೋಗು ಅಂತ ಎಷ್ಟು ಸಲ ಬಡ್ಕೊಂಡೆ? ಕೂಸಿನ ಬಾಯಿಗೆ ಹೋಯ್ತಲ್ಲೋ ನಿನ್ನ ಸೋಂಬೇರಿತನ!”

ಮಾಯಣ್ಣ ಮುನಿಯಪ್ಪನ ಮುಖವನ್ನು ಒಂದು ಗಳಿಗೆ ನೋಡಿದ. “ಇನ್ಮೇಲೆ ನೋಡ್ಕೋತೀನಿ,” ಎಂದು ಪೊರಕೆ ತೆಗೆದುಕೊಂಡ.

ಬೀದಿಯಲ್ಲಿ ಸುದ್ದಿಗೆ ಕಾಲು ಬೇಕಿಲ್ಲ. ಬುಧವಾರ ನಾಲ್ಕು ಡಬ್ಬ, ಗುರುವಾರ ಎರಡು. ಸಂಘದ ಮಾಲ್ಟು ತೆಗೆದುಕೊಳ್ಳುತ್ತಿದ್ದ ಅಂಗಡಿಯವರಿಗೂ ಮಾತು ಮುಟ್ಟಿತು. ಶೈಲಜಮ್ಮ ಬಂದು ಮುನಿಯಪ್ಪನ ಕಿವಿಯಲ್ಲಿ ಹೇಳಿದಳು: “ಸಂಘದೋರು ಕೇಳ್ತಿಲ್ಲ. ಭಾನುವಾರ ಮಾಯಣ್ಣೋರು ಮಿಷಿನ್ ಎತ್ತಬೇಕು. ನಾನೇ ಕೂಡಿಸ್ದೋಳು, ನಾನೇ ಹೇಳ್ಬೇಕು. ಏನ್ಮಾಡ್ಲಿ?” ಮುನಿಯಪ್ಪ ತಲೆಯಾಡಿಸಿದ. ಮಾಯಣ್ಣ ಗುಜರಿಯವನಿಗೆ ಫೋನು ಮಾಡಿದ್ದೂ ಕಿವಿಗೆ ಬಿತ್ತು.

ಶುಕ್ರವಾರ ಮಧ್ಯಾಹ್ನ ಮುನಿಯಪ್ಪನ ಹೆಂಡತಿ ಪಾರ್ವತಮ್ಮ, ಹೋಗುವ ಮಾಯಣ್ಣನ ಚೀಲವನ್ನಾದರೂ ಒಗೆದು ಕೊಡೋಣ ಎಂದು ಮನೆಗೆ ತಂದಳು. ಒಳಹೊರಗು ಮಾಡಿ ಕಲ್ಲಿನ ಮೇಲೆ ಹಾಕಿದವಳು ಗಂಡನನ್ನು ಕರೆದಳು.

“ರೀ, ಇಲ್ಲಿ ಬನ್ನಿ. ಬೆರಳಿಟ್ಟು ನೋಡಿ. ಈ ಖಾರದ ಚೀಲ ಯಾವತ್ತು ರಾಗಿ ತಿಂತು?”

ಹೊಲಿಗೆಯ ಸಂದಿನಲ್ಲಿ ಮೆಣಸಿನ ಪುಡಿ. ಅದರ ಮೇಲೆ ಕೂತು ಗಟ್ಟಿಯಾದ ರಾಗಿ ಹಿಟ್ಟು. ಮುನಿಯಪ್ಪನ ಬೆರಳು ಸುಳ್ಳು ಹೇಳುವ ಬೆರಳಲ್ಲ. ಬೆಳಿಗ್ಗೆ ಚೀಲ ಕಟ್ಟುವವನು ಅವನೊಬ್ಬನೇ. ಕೆಂಪು, ಬಿಳಿ, ಪೊರೆ ಬಂದ ಕಣ್ಣಿಗೆ ಎಲ್ಲವೂ ಹಳೇ ಗೋಡೆಯ ಬಣ್ಣ. ಮೂಗನ್ನು ಕೇಳೋಣವೆಂದರೆ ಮೂರು ತಿಂಗಳಿಂದ ಅಂಗಡಿಯ ಗಾಳಿಯೇ ಘಾಟು. ಸೋಮವಾರ ಅವನ ಕೈ ಬಲಗಡೆಯ ಮೊಳೆಗೆ ಹೋಗಿತ್ತು.

ಬಚ್ಚಲ ಕಟ್ಟೆಯ ಮೇಲೆ ಬಹಳ ಹೊತ್ತು ಕೂತ. ಸುಮ್ಮನಿದ್ದರೆ ಭಾನುವಾರ ಮಾಯಣ್ಣ ಹೋಗುತ್ತಾನೆ, ಬೀದಿಯವರು ಮೆಲ್ಲಗೆ ಮರೆಯುತ್ತಾರೆ, ತನ್ನ ಕೈಯ ಹೆಸರು ಉಳಿಯುತ್ತದೆ. ಹೇಳಿದರೆ? ಕಣ್ಣು ಕಾಣದವನ ಗಿರಣಿಗೆ ಯಾವ ತಾಯಿ ಡಬ್ಬ ಕೊಟ್ಟಾಳು? ಪಾರ್ವತಮ್ಮ ಚೀಲವನ್ನು ಒಗೆಯದೆ ಹಾಗೇ ಅವನ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಸಂಜೆ ಅವನು ಅಂಗಡಿಗೆ ಬಂದಾಗ ಮಾಯಣ್ಣ ಮಿಷಿನ್ನಿನ ಬೋಲ್ಟು ಬಿಚ್ಚುತ್ತಿದ್ದ. ಮುನಿಯಪ್ಪ ಚೀಲವನ್ನು ಅವನ ಮುಂದೆ ಹಿಡಿದ.

ಮಾಯಣ್ಣ ಸ್ಪ್ಯಾನರು ಕೆಳಗಿಟ್ಟ. “ಗೊತ್ತು ಕಣಯ್ಯ. ಸೋಮವಾರ ಮಧ್ಯಾಹ್ನ ಬಂದಾಗ ನನ್ನ ಚೀಲ ನಿನ್ನ ಮಿಷಿನ್ ಬಾಯಲ್ಲಿ ನೇತಾಡ್ತಿತ್ತು. ಬಿಚ್ಚಿ ನಾನೇ ಸರಿ ಮಾಡ್ದೆ. ಮಗುವಿನ ಡಬ್ಬ ಬಂದಿತ್ತು ಅಂತ ಮಾತ್ರ ಗೊತ್ತಿರ್ಲಿಲ್ಲ.”

“ಮತ್ತೆ ಅವತ್ತು ಬಾಯಿಗೆ ಏನ್ ಬಂದಿತ್ತು ನಿಂಗೆ? ಅಷ್ಟು ಜನರ ಮುಂದೆ ಬೈದ್ನಲ್ಲ!”

“ಹೇಳಿದ್ರೆ ನಿನ್ನ ಗಿರಣಿ ನಿಲ್ತಿತ್ತು. ನಿನ್ನ ಗಿರಣಿ ನಿಂತ್ರೆ ನನ್ನ ಮಿಷಿನ್ ಎಲ್ಲಿಡ್ಲಿ, ನನ್ನ ತಲೆ ಮೇಲಾ? ದೊಡ್ಡತನ ಅಂದ್ಕೋಬೇಡ, ಹೊಟ್ಟೆಪಾಡು. ನನ್ನನ್ನೇ ಎತ್ತಂಗಡಿ ಮಾಡ್ತಾರೆ ಅಂತ ನಾನೇನ್ ಕನಸು ಕಂಡಿದ್ನಾ?” ಅವನು ಕೈ ಒರೆಸಿಕೊಂಡ. “ನಿನ್ನ ಕಣ್ಣಿನ ವಿಷಯ ನಂಗೆ ಬಂದ ವಾರವೇ ಗೊತ್ತು. ಕರೆಂಟ್ ಕಂಬಕ್ಕೆ ‘ಬನ್ನಿ ಬನ್ನಿ’ ಅಂದಿದ್ದೆಯಲ್ಲ.”

ಮುನಿಯಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟ.

ಶನಿವಾರ ಸಂಘದ ಹೆಂಗಸರು ಶೈಲಜಮ್ಮನ ಮನೆಯ ಜಗಲಿಯಲ್ಲಿ ಪುಡಿ ತುಂಬುತ್ತ ಕೂತಿದ್ದರು. ಮುನಿಯಪ್ಪ ಮೊದಲು ವಿನುತಾಳನ್ನು ಮನೆಯಿಂದ ಕರೆದುಕೊಂಡು ಅಲ್ಲಿಗೆ ಬಂದ. ಚೀಲವನ್ನು ನಡುವೆ ಇಟ್ಟ.

“ಮಾಯಣ್ಣಂದಲ್ಲ ತಪ್ಪು. ನಂದು. ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಯ್ತು. ಮುಚ್ಚಿಟ್ಟಿದ್ದೆ.”

ವಿನುತಾ ಚೀಲವನ್ನೇ ನೋಡುತ್ತಿದ್ದಳು. “ನಮ್ಮತ್ತೆ ನಿಮ್ಮ ಹೆಸರು ಹೇಳಿ ಕಳಿಸಿದ್ರು ತಾತ. ಪ್ಯಾಕೆಟ್ ಬೇಡ, ಅವರ ಕೈ ಹಿಟ್ಟು ಅಂತ.” ಅಷ್ಟು ಹೇಳಿ ಎದ್ದು ಹೋದಳು. ಅವಳನ್ನು ಯಾರೂ ತಡೆಯಲಿಲ್ಲ.

ಶೈಲಜಮ್ಮ ಉಸಿರು ಬಿಟ್ಟಳು. “ನಿಮ್ಮನ್ನ ಬೈಯೋಕೂ ಸುಸ್ತು ನಂಗೆ. ಸೋಮವಾರ ಆಸ್ಪತ್ರೆಗೆ ಹೋಗಿ. ನೀವು ವಾಪಸ್ ಬರೋತನಕ ರಾಗಿ ಮಿಷಿನ್ ಯಾರು ನೋಡ್ಕೋತಾರೆ?”

“ಖಾರ ಬೀಸೋನಿಗೆ ರಾಗಿ ಬರಲ್ವಾ?” ಎಂದ ಹಿಂದೆ ನಿಂತಿದ್ದ ಮಾಯಣ್ಣ. “ಆದ್ರೆ ರುಚಿ ನೋಡು ಅಂತ ಮಾತ್ರ ಹೇಳ್ಬೇಡಿ. ನನ್ನ ನಾಲಿಗೆ ಸತ್ತು ಇಪ್ಪತ್ತು ವರ್ಷ ಆಯ್ತು. ಬೆಳಿಗ್ಗೆ ಒಬ್ರು ಬಂದು ನಾಲಿಗೆ ಕೊಡಿ.”

ಹಾಗಾಗಿ ದಿನಕ್ಕೊಬ್ಬ ಹೆಂಗಸು ಸರದಿಯಂತೆ ಬಂದು ಚೀಲ ಕಟ್ಟುವುದು, ಮೊದಲ ಹಿಡಿಯನ್ನು ನಾಲಿಗೆಗೆ ಹಾಕಿ ನೋಡುವುದು ಎಂದಾಯಿತು. ಖಾರದ ಮಿಷಿನ್ನಿಗೆ ಶೈಲಜಮ್ಮ ತನ್ನ ಹಳೇ ಲಂಗದಲ್ಲಿ ಕಪ್ಪು ಚೀಲ ಹೊಲಿದುಕೊಟ್ಟಳು. ಸಂಪಿಗೆ ರಸ್ತೆಯ ಎರಡು ಅಂಗಡಿಯವರು ಮಾಲ್ಟು ಬೇಡವೆಂದೇ ಬಿಟ್ಟರು. ಒಬ್ಬ, ನೋಡೋಣ ಎಂದ.

ಆಪರೇಷನ್ ಆಗಿ ಹತ್ತನೇ ದಿನ. ಮುನಿಯಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಗಿರಣಿಯ ಎದುರು, ರಸ್ತೆಯ ಈಚೆಯ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಹೋಗುವಂತಿಲ್ಲ. ಕಲ್ಲಿನ ಸದ್ದಿನಲ್ಲೇ ಲೆಕ್ಕ ಹಾಕುತ್ತಿದ್ದ: ಇದು ಗೋಧಿ, ಇದು ಅಕ್ಕಿ, ಇದು ಮಾಯಣ್ಣ ಕಾಳು ಸುರಿಯಲು ತಡಮಾಡಿ ಕಲ್ಲು ಬರಿದೇ ತಿರುಗುತ್ತಿರುವುದು. “ಕಾಳು ಹಾಕಯ್ಯಾ!” ಎಂದು ಈಚೆಯಿಂದ ಕೂಗಿದ. “ನೀನ್ ಬಾಯಿಗೆ ಪೊರೆ ಬರಿಸ್ಕೋ,” ಎಂದು ಆಚೆಯಿಂದ ಬಂತು.

ಸಾಲಿನಲ್ಲಿ ಐದು ಡಬ್ಬ. ವಿನುತಾಳದು ಇರಲಿಲ್ಲ. ಎದುರಿನಿಂದ ಅವಳು ಮಗುವನ್ನೆತ್ತಿಕೊಂಡು ಹಾದುಹೋದಳು. ಕೈಚೀಲದಲ್ಲಿ ಪ್ಯಾಕೆಟ್ಟಿನ ಮೂಲೆ ಕಾಣುತ್ತಿತ್ತು. ಹೊಸ ಕಣ್ಣಿಗೆ ಅದು ಬೇಕಾದ್ದಕ್ಕಿಂತ ಚೆನ್ನಾಗಿ ಕಂಡಿತು. ಮುನಿಯಪ್ಪ ತಲೆ ತಗ್ಗಿಸಿದ.

ಸ್ವಲ್ಪ ಹೊತ್ತಿಗೆ ಕಲ್ಲಿನ ಸದ್ದು ನಿಂತಿತು. ಯಾರೋ ಗುರುತಿಲ್ಲದ ಹೆಂಗಸು ಸಾಲಿನ ಕೊನೆಯಲ್ಲಿ ಸಣ್ಣದೊಂದು ಸ್ಟೀಲ್ ಡಬ್ಬ ಹಿಡಿದು ನಿಂತಿದ್ದಳು. ಮಾಯಣ್ಣ ಬಾಗಿಲಿಗೆ ಬಂದು ಅವಳ ಡಬ್ಬ ನೋಡಿದ.

“ಕೂಸಿಂದೇನಮ್ಮಾ? ಹಿಂದ್ಯಾಕೆ ನಿಂತಿದ್ದೀಯಾ, ಮುಂದೆ ಬಾ. ಆದ್ರೆ ಇವತ್ತು ಬೀಸಲ್ಲ, ಗೋಧಿ ಆಗ್ಹೋಯ್ತು. ಡಬ್ಬ ಇಟ್ಟು ಹೋಗು. ನಾಳೆ ಬೆಳಿಗ್ಗೆ ಮೊದ್ಲು ನಿಂದೇ.” ಆಮೇಲೆ ರಸ್ತೆಯ ಈಚೆಗೆ ಕೂಗಿದ: “ಸರಿ ಹೇಳಿದ್ನೇನೋ?”

ಮುನಿಯಪ್ಪ ಕನ್ನಡಕ ಸರಿಮಾಡಿಕೊಂಡ. “ಕೂಲಿ ಇಲ್ಲ ಅಂತಾನೂ ಹೇಳು,” ಎಂದ.