ಬೇಟೆ ಪ್ಯಾಂಟಿಗೆ ನಾನು ಕೊಟ್ಟ ಸರ್ಟಿಫಿಕೇಟು

ಸೊಳ್ಳೆಯನ್ನು ಬಿಟ್ಟರೆ ನಾನು ಈ ಜನ್ಮದಲ್ಲಿ ಯಾವ ಪ್ರಾಣಿಯನ್ನೂ ಬೇಟೆಯಾಡಿದವನಲ್ಲ. ಸೊಳ್ಳೆಗಳಲ್ಲೂ ಹತ್ತಕ್ಕೆ ಎಂಟು ತಪ್ಪಿಸಿಕೊಂಡಿವೆ. ಇಂಥ ನಾನು ಕಳೆದ ನವೆಂಬರಿನಲ್ಲಿ ಬೇಟೆಗಾರರ ಪ್ಯಾಂಟು ತೊಟ್ಟು, ಹಿಮ ಬೆರೆತ ಮಳೆಯಲ್ಲಿ ಮೂರು ಗಂಟೆ ಬೆಟ್ಟದ ಮೇಲೆ ಕೂತಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಈ ಪರದೇಶದಲ್ಲಿ ನಾವಿರುವ ಊರಾದ ಸ್ಕಾರ್‌ಬರೋದ ನನ್ನ ಕನ್ನಡ ಗೆಳೆಯರೂ ನಂಬಲಿಲ್ಲ.

ಕಾರಣ ನನ್ನ ಮಗಳು ಅನು. ಚಳಿ ಮಳೆಗೆ ತೊಡುವ ಉಡುಪು ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಅವಳು ಡಿಸೈನರ್. ಮೊದಲಿನಿಂದ ಕೊನೆಯವರೆಗೆ ಅವಳೊಬ್ಬಳೇ ರೂಪಿಸಿದ ಮೊದಲ ಪ್ಯಾಂಟು ಇದು. ಸೋಮವಾರ ಅವಳು ಸಹಿ ಹಾಕಿದರೆ ಕಾರ್ಖಾನೆಯಲ್ಲಿ ಹೊಲಿಗೆ ಶುರು. ಅದಕ್ಕೆ ಮೊದಲು ಯಾರಾದರೂ ಅದನ್ನು ತೊಟ್ಟು ಚಳಿಯಲ್ಲಿ ನೆನೆದು ನೋಡಬೇಕು. ಒಪ್ಪಿಕೊಂಡಿದ್ದ ಬೇಟೆಗಾರನಿಗೆ ಜ್ವರ ಬಂತು. ಅವನ ಸೊಂಟದ ಅಳತೆಯೂ ನನ್ನದೂ ಒಂದೇ. ಇಷ್ಟು ವರ್ಷ ತುಪ್ಪ ತಿಂದಿದ್ದಕ್ಕೆ ಕೊನೆಗೂ ಒಂದು ಉಪಯೋಗವಾಯಿತು ಎಂದಳು ನನ್ನ ಹೆಂಡತಿ.

ಬೋಲ್ಟನ್ ಪಟ್ಟಣ ದಾಟಿ ಉತ್ತರಕ್ಕೆ ಹೋದೆವು. ಇಲ್ಲಿನವರು ಬೆಟ್ಟ ಎನ್ನುವುದನ್ನು ಚಿತ್ರದುರ್ಗದಲ್ಲಿ ಹುಟ್ಟಿದ ನಾನು ದಿಬ್ಬ ಎನ್ನುತ್ತೇನೆ. ಚಳಿಯ ವಿಷಯದಲ್ಲಿ ಮಾತ್ರ ತಕರಾರಿಲ್ಲ. ಅನು ಕೆಳಗೆ ಕಾರಿನಲ್ಲೇ ಉಳಿದಳು. ಪರೀಕ್ಷೆ ಮಾಡುವವನ ಪಕ್ಕದಲ್ಲಿ ಡಿಸೈನರ್ ನಿಲ್ಲಬಾರದಂತೆ, ಮುಲಾಜಿಗೆ ಬಿದ್ದು ಸುಳ್ಳು ಹೇಳುತ್ತಾರಂತೆ. ಅರ್ಧ ಗಂಟೆಗೊಮ್ಮೆ ಫೋನ್ ಮಾಡುತ್ತೇನೆ, ಪ್ಯಾಂಟು ಹೇಗಿದೆ ಎಂದು ಈ ಹಾಳೆಯಲ್ಲೂ ಬರೆಯುತ್ತಾ ಹೋಗು ಎಂದಳು.

ಒದ್ದೆ ಬಂಡೆಯ ಮೇಲೆ ಕೂತು ನಾನು ನಮ್ಮ ಹಳೆಯ ಕಾವ್ಯಗಳ ಬೇಟೆಯ ವರ್ಣನೆಗಳನ್ನು ನೆನೆಸಿಕೊಂಡೆ. ಬಲೆ, ನಾಯಿ, ಹಂದಿ, ಕೊಂಬು ಕಹಳೆ, ಎಲ್ಲ ಇದೆ. ಆದರೆ ರಾಜನ ಮೊಣಕಾಲು ಒದ್ದೆಯಾಯಿತೇ ಎಂದು ಯಾವ ಕವಿಯೂ ವಿಚಾರಿಸಿದ್ದು ನನಗೆ ನೆನಪಿಲ್ಲ. ಆಸ್ಥಾನದ ಕವಿಗೆ ಅದು ಕೇಳುವ ಪ್ರಶ್ನೆಯೂ ಅಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಎಡ ಮೊಣಕಾಲಿನ ಹೊಲಿಗೆಯಿಂದ ನೀರು ತಣ್ಣಗೆ ಒಳಗಿಳಿಯಿತು.

ಫೋನ್ ಬಂತು. ಫಸ್ಟ್ ಕ್ಲಾಸಾಗಿದೆ ಎಂದೆ. ಹಾಳೆಯಲ್ಲೂ ಹಾಗೆಯೇ ಬರೆದೆ. ಏನು ಮಾಡಲಿ, ನಾವು ಬೆಳೆದದ್ದೇ ಹಾಗೆ. ಯಾರದೋ ಮನೆಯಲ್ಲಿ ಉಪ್ಪಿಲ್ಲದ ಸಾರು ಬಡಿಸಿದರೆ ಎರಡನೇ ಸಲ ಹಾಕಿಸಿಕೊಂಡು ಹೊಗಳುವ ಜನ ನಾವು. ಇಲ್ಲಿ ಬಡಿಸಿದವಳು ಸ್ವಂತ ಮಗಳು. ಮೂರು ಗಂಟೆಯಲ್ಲಿ ಆರು ಸಲ ಹೊಗಳಿದೆ. ಅಷ್ಟರಲ್ಲಿ ಎಡಗಾಲು ನನ್ನದೇ ಎಂಬುದನ್ನು ಮುಟ್ಟಿ ನೋಡಿ ಖಾತ್ರಿ ಮಾಡಿಕೊಳ್ಳುವ ಸ್ಥಿತಿ ಬಂದಿತ್ತು.

ಕಾರಿಗೆ ಬಂದಾಗ ಅನು ಹಾಳೆ ಓದಿದಳು. ಅವಳ ಮುಖ ಅರಳಿದ್ದನ್ನು ನೋಡಿ ನನಗೂ ಖುಷಿಯಾಯಿತು, ಸುಳ್ಳು ಯಾಕೆ.

"ನಂಗೆ ಭಯ ಇತ್ತು ಅಪ್ಪ," ಎಂದಳು. "ಜನ ಇದನ್ನ ಹಾಕ್ಕೊಂಡು ಹೋಲ್ ಡೇ ಒಬ್ರೇ ಕಾಡಲ್ಲಿ ಕೂತಿರ್ತಾರೆ. ಈ ಚಳೀಲಿ ಲೀಕ್ ಆದ್ರೆ ದೇ ಕುಡ್ ಡೈ."

ನನ್ನ ಖುಷಿ ಅಲ್ಲೇ ಇಳಿಯಿತು. ನಾನು ಹೊಗಳಿದ ಸಾರನ್ನು ಇನ್ನು ಮುಂದೆ ಯಾರೋ ಮುಖ ನೋಡದವರು ಉಣ್ಣಬೇಕು. ಅವರಿಗೆ ಏನಾದರೂ ಆದರೆ ಅದರ ಮೇಲೆ ಇರುವುದು ಇವಳ ಸಹಿ. ಮಗಳ ಮುಖ ಬಾಡುವುದನ್ನು ನೋಡಲಾರದೆ, ಕಿಟಕಿಯ ಕಡೆ ತಿರುಗಿ ಹೇಳಿದೆ: "ಎಡ ಮೊಣಕಾಲ ಹತ್ರ ಹೊಲಿಗೆ ಸೋರತ್ತೆ ಕಣೆ. ಮೊದಲನೇ ಅರ್ಧ ಗಂಟೇಲೇ."

ಅವಳು ಬಗ್ಗಿ ನನ್ನ ಮೊಣಕಾಲು ಹಿಂಡಿದಳು. ಬೆರಳ ಸಂದಿಯಿಂದ ನೀರು ಇಳಿಯಿತು. ಬೈಯಲಿಲ್ಲ. ಹೀಟರ್ ಜೋರು ಮಾಡಿ, ನನ್ನ ಕಾಲಿಗೆ ತನ್ನ ಶಾಲು ಸುತ್ತಿ, ಹಾಳೆ ಹರಿದು ಹೊಸದೊಂದು ಕೊಟ್ಟಳು. ಈ ಸಲ ಆದದ್ದನ್ನು ಆದ ಹಾಗೆ ಬರೆದೆ. ಅವಳು ಓದಿ, ಸೋಮವಾರ ಸಹಿ ಇಲ್ಲ ಎಂದಷ್ಟೇ ಹೇಳಿದಳು.

ಆಮೇಲೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ಬೆಳಿಗ್ಗೆ ತಾನೇ ಡಿಕಾಕ್ಷನ್ ಇಳಿಸಿ ಮಾಡಿದ್ದಂತೆ. ಒಂದು ಗುಟುಕು ಕುಡಿದು ಚೆನ್ನಾಗಿದೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ತುಂಬಾ ಹೊತ್ತು. ಕಾಫಿ ನಿಜಕ್ಕೂ ಚೆನ್ನಾಗಿತ್ತು. ಅದನ್ನು ನಂಬಿಸುವ ಮಾತುಗಳನ್ನೆಲ್ಲ ನಾನು ಬೆಟ್ಟದ ಮೇಲೇ ಖರ್ಚು ಮಾಡಿ ಬಂದಿದ್ದೆ. ಸುಮ್ಮನೆ ಗಟಗಟ ಕುಡಿದು, ಖಾಲಿ ಲೋಟವನ್ನು ಮತ್ತೆ ಅವಳ ಮುಂದೆ ಹಿಡಿದೆ.