ಗುರುವಾರ ಬರುತ್ತಿದ್ದ ಸಾಹೇಬರು

ತಮ್ಮಣ್ಣರಾಯರು ಸಪ್ಪಳ ಕೇಳುವ ವೈಖರಿಯನ್ನು ನೋಡಬೇಕಿತ್ತು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕರಿ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ನಮ್ಮ ಕೋಣೆಯ ನಟ್ಟನಡುವೆ ನಿಂತು ಕಣ್ಣು ಮುಚ್ಚುತ್ತಿದ್ದರು. ಬಲಗಿವಿಯನ್ನು ಗೋಡೆಗೆ ತಿರುಗಿಸಿದರೆ ಐದು ನಿಮಿಷ ಅಲುಗಾಟವಿಲ್ಲ. ಆಮೇಲೆ ಕಣ್ಣು ತೆರೆದು ನನ್ನತ್ತ ಕನಿಕರದಿಂದ ನೋಡಿ, "ಎಲ್ಲಿ ಅದ ತಂಗಿ ಸಪ್ಪಳ? ನನಗ ಗುಬ್ಬಿ ಕೂಗೋದು ಕೇಳಸ್ತದ, ಅಷ್ಟ" ಎನ್ನುತ್ತಿದ್ದರು. ಇಡೀ ಪುಣೆಯಲ್ಲಿ ಅಂಥ ಘನವಾದ ಕಿವಿ ಇನ್ನೊಬ್ಬರಿಗೆ ಇದ್ದಿರಲಿಕ್ಕಿಲ್ಲ. ಅದಕ್ಕೆ ಸಂಬಳ ಕೊಟ್ಟು ಇಟ್ಟುಕೊಂಡವರಿಗೆ ದೊಡ್ಡ ನಮಸ್ಕಾರ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸಾತಾರಾ ರಸ್ತೆಯ ಒಳಗಿನ ಗಲ್ಲಿಯೊಂದರಲ್ಲಿ ನಮ್ಮದು ಒಂದೇ ಕೋಣೆ. ನನ್ನ ಗಂಡ ಮಲ್ಲಪ್ಪ ಕಾರ್ಖಾನೆಯೊಂದರಲ್ಲಿ ತಗಡು ಕತ್ತರಿಸುವ ಯಂತ್ರದ ಮೇಲೆ ಇದ್ದರು, ಕಾಯಂ ರಾತ್ರಿ ಪಾಳಿ. ಬೆಳಿಗ್ಗೆ ಬಂದು, ಸ್ನಾನ ಮಾಡಿ, ಎರಡು ರೊಟ್ಟಿ ತಿಂದು ಮಲಗುವ ಹೊತ್ತಿಗೆ ಎಂಟೂವರೆ. ಒಂಬತ್ತಕ್ಕೆ ಗೋಡೆಯಾಚೆಯ ಶೆಡ್ಡಿನಲ್ಲಿ ಪವರ್ ಪ್ರೆಸ್ ಶುರು. ಡಬ್ಬಿಗಳ ಮುಚ್ಚಳ ಒತ್ತುವ ಯಂತ್ರ ಅದು. ಒಂದೊಂದು ಏಟಿಗೂ ನಮ್ಮ ಗೋಡೆ ನಡುಗುತ್ತಿತ್ತು. ಮಾಡದಲ್ಲಿಟ್ಟ ಲೋಟ ತಾನಾಗಿ ಸರಿದು ಬೀಳುತ್ತಿತ್ತು. ಸಂಜೆ ಆರರವರೆಗೆ ಇದೇ ಪಾಡು. ನಮ್ಮನೆಯವರು ತಲೆಯ ಮೇಲೆ ದಿಂಬು ಒತ್ತಿಕೊಂಡು ಹೊರಳಾಡಿ, ಕೆಂಪು ಕಣ್ಣು ಮಾಡಿಕೊಂಡು ಎದ್ದು, ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು. ನಿದ್ದೆಗೆಟ್ಟ ಮನುಷ್ಯ ಕತ್ತರಿಸುವ ಯಂತ್ರದ ಮುಂದೆ ನಿಲ್ಲುತ್ತಾನಲ್ಲ ಎಂದು ನನಗೆ ರಾತ್ರಿಯೆಲ್ಲ ಅಂಜಿಕೆ.

ಶೆಡ್ಡಿನ ಮಾಲೀಕನಿಗೆ ಹೇಳಿನೋಡಿದೆ. ಅವನು ನಗುತ್ತ, "ವಹಿನಿ, ಕಾನಾತ ಕಾಪೂಸ ಘಾಲಾ" ಎಂದ. ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳಬೇಕಂತೆ, ನಡುಗುವ ಗೋಡೆಗೆ ಎಲ್ಲಿ ಹತ್ತಿ ಇಡಲಿ? ನಮ್ಮನೆಯವರೇ ಕೂತು ನಗರಪಾಲಿಕೆಯ ಕಚೇರಿಗೆ ಅರ್ಜಿ ಬರೆದರು. ವಿಚಾರಣೆಗೆ ಬಂದವರೇ ತಮ್ಮಣ್ಣರಾಯರು. ಮುಧೋಳದ ಕಡೆಯವರು, ಕನ್ನಡದವರು. ನಮ್ಮವರೇ ಬಂದರಲ್ಲ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಎಂಥ ಹುಚ್ಚಿ ನಾನು.

ಅವರು ಬಂದದ್ದು ಗುರುವಾರ. ಪುಣೆಯಲ್ಲಿ ಗುರುವಾರವೆಂದರೆ ಕಾರ್ಖಾನೆಗಳಿಗೆ ವಾರದ ಸೂಟಿ, ನಮ್ಮ ಕಡೆಗೆ ಅಂದು ಯಂತ್ರಗಳ ಕರೆಂಟೇ ಇರುತ್ತಿರಲಿಲ್ಲ. ಇದು ಗಲ್ಲಿಯ ನಾಯಿಗೂ ಗೊತ್ತು. ತಮ್ಮಣ್ಣರಾಯರಿಗೆ ಮಾತ್ರ ಗುರುವಾರವೆಂದರೆ ಗುರುವಿನ ವಾರ. ಅವತ್ತು ಉಪವಾಸ ಮಾಡಿ ಧನಕವಡಿಯ ಮಠಕ್ಕೆ ದರ್ಶನಕ್ಕೆ ಹೋಗುತ್ತಿದ್ದರು. ನಮ್ಮ ಗಲ್ಲಿ ದಾರಿಯಲ್ಲೇ ಸಿಗುತ್ತಿತ್ತು. ದೇವರ ಕೆಲಸ, ಸರ್ಕಾರದ ಕೆಲಸ, ಎರಡೂ ಒಂದೇ ಬಸ್ಸಿನಲ್ಲಿ.

"ಸಾಹೇಬ್ರ, ಇವತ್ತು ಸೂಟಿ ಅದರೀ. ನಾಳೆ ಬರ್ರಿ, ನಿಮಗ ಗೊತ್ತಾಗ್ತದ" ಎಂದೆ.

"ನಾಳೆ ನಂದು ಬ್ಯಾರೆ ವಾರ್ಡ್ ತಂಗಿ. ಈ ಕಡೆ ಗುರುವಾರ ಅಂತ ನಾನ ಗೊತ್ತು ಮಾಡಿಕೊಂಡೀನಿ."

"ಮತ್ತ ಬದಲಿ ಮಾಡ್ಕೊಳ್ರೆಲಾ."

"ಗುರುವಿನ ಸೇವಾ ಬದಲಿ ಮಾಡಾಕ ಬರ್ತದೇನು? ನೋಡವಾ, ನಾನು ನನ್ನ ಕಿವೀಲೆ ಕೇಳಲಾರದ್ದು ಒಂದು ಅಕ್ಷರ ಬರೆಯೂದಿಲ್ಲ. ಇಪ್ಪತ್ತು ವರ್ಷ ಆತು, ಒಂದು ಸುಳ್ಳು ರಿಪೋರ್ಟ್ ಕೊಟ್ಟಿಲ್ಲ."

ಇದು ಅವರ ಮಂತ್ರ. ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. 'ಸಪ್ಪಳ ಕಂಡುಬರಲಿಲ್ಲ' ಎಂದು ಶುದ್ಧ ಹಸ್ತದಿಂದ ಬರೆದು ಮಠಕ್ಕೆ ನಡೆದರು. ಮರುದಿನ ಬೆಳಿಗ್ಗೆ ಲೋಟ ಮತ್ತೆ ಬಿತ್ತು. ಎರಡನೇ ಅರ್ಜಿ ಕೊಟ್ಟೆವು, ಮತ್ತೊಂದು ಗುರುವಾರ ಬಂದರು. ಮೂರನೆಯದಕ್ಕೂ ಹಾಗೇ. ಬೇರೆ ಯಾರನ್ನಾದರೂ ಕಳಿಸಿ ಎಂದು ಕಚೇರಿಗೆ ಹೋಗಿ ಕೇಳಿದರೆ, ಆ ವಾರ್ಡು ತಮ್ಮಣ್ಣರಾಯರದೇ ಎಂದು ಅಟ್ಟಿದರು.

ಅವರು ಲಂಚ ತಿಂದಿದ್ದರೆ ಒಂದು ಮಾತಿತ್ತು. ತಿನ್ನುವವನಿಗೆ ಹಸಿವಿರುತ್ತದೆ, ಅಂಜಿಕೆ ಇರುತ್ತದೆ, ಇನ್ನೊಬ್ಬ ಹೆಚ್ಚು ಕೊಟ್ಟರೆ ಮನಸ್ಸೂ ಬದಲಾಗುತ್ತದೆ. ಈ ಮನುಷ್ಯ ನಮ್ಮ ಮನೆಯ ಚಹಾ ಕೂಡ ಮುಟ್ಟಲಿಲ್ಲ. ಶೆಡ್ಡಿನವನು ಕಳಿಸಿದ ಬಾಳೆಹಣ್ಣನ್ನೂ ಹಿಂದಿರುಗಿಸಿದರು. ಇಂಥ ಪ್ರಾಮಾಣಿಕರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೇ ಹೋದೆ, ಹೆಂಡತಿಯ ಮುಂದೆ ಕೈಮುಗಿದರೆ ಮನಸ್ಸು ಕರಗೀತೆಂಬ ಆಸೆ. ಹಳೆಯ ಪುಣೆಯ ಪೇಠೊಂದರಲ್ಲಿ, ಹತ್ತಾರು ಬಿಡಾರಗಳ ವಾಡೆಯ ಮೇಲಿನ ಮಹಡಿ. ಬಾಗಿಲಲ್ಲೇ ಆಕೆ ತುಟಿಯ ಮೇಲೆ ಬೆರಳಿಟ್ಟರು. ಒಳಗೆ ಸಾಹೇಬರ ನಿದ್ದೆ. ಆ ಮನೆಯ ನಿಶ್ಶಬ್ದವನ್ನು ನೋಡಿ ನಾನು ದಂಗಾದೆ. ಮಜ್ಜಿಗೆ ಕಡೆಯುವುದು ನಿಂತಿತ್ತು. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿತ್ತು. ಗೋಡೆ ಗಡಿಯಾರವನ್ನು ಮಧ್ಯಾಹ್ನ ನಿಲ್ಲಿಸಿ, ಅವರು ಎದ್ದ ಮೇಲೆ ಮತ್ತೆ ನಡೆಸುತ್ತಿದ್ದರಂತೆ.

"ನಮ್ಮನ್ಯಾಗಿನವರಿಗೆ ಸಪ್ಪಳ ಅಂದ್ರ ಆಗೂದಿಲ್ರಿ" ಎಂದು ಆಕೆ ಪಿಸುಗುಟ್ಟಿದರು, ಹೆಮ್ಮೆಯಿಂದಲೇ. "ಕೆಳಗ ಒಂದು ಹಿಟ್ಟಿನ ಗಿರಣಿ ಇತ್ತು. ಮಧ್ಯಾಹ್ನ ನಿದ್ದಿ ಕೆಡಸ್ತದ ಅಂತ ಎಂಟ ದಿನದಾಗ ಬಂದ್ ಮಾಡಿಸಿದ್ರು."

"ಎಂಟ ದಿನದಾಗ?"

"ಹೌದ್ರಿ. ತಾವ ಅರ್ಜಿ ಬರದು, ತಾವ ನೋಡಿ, ತಾವ ಬೀಗ ಹಾಕಿಸಿದ್ರು."

ಅಷ್ಟರಲ್ಲಿ, ಆಕೆಗೆಂದು ನಾನು ಉಂಡಿ ತುಂಬಿ ತಂದಿದ್ದ ಹಿತ್ತಾಳೆ ಡಬ್ಬಿ ನೆಲಕ್ಕೆ ತಾಗಿ ಟಣ್ ಎಂದಿತು. ಒಳಗಿನಿಂದ ಸಾಹೇಬರು ಎದ್ದು ಬಂದರು, ಹಣೆ ಹಿಡಿದುಕೊಂಡು. ನಾನು ಬಂದ ಕೆಲಸ ಹೇಳಿದೆ. ಗಂಡನ ಜೀವದ ಪ್ರಶ್ನೆ, ಒಂದೇ ಒಂದು ಶುಕ್ರವಾರ ಬನ್ನಿ ಎಂದು ಸೆರಗೊಡ್ಡಿದೆ.

"ಮನ್ಯಾಗ ಕಚೇರಿ ಮಾತು ಬ್ಯಾಡ ತಂಗಿ. ಒಂದು ಅರ್ಜಿ ಕೊಡು. ಗುರುವಾರ ಬರ್ತೀನಿ" ಎಂದರು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಮೆಟ್ಟಿಲಿಳಿಯುತ್ತ ಅಂದುಕೊಂಡೆ. ಆದರೆ ಅವರು ಚೆಲ್ಲಾಟ ಆಡುತ್ತಿರಲಿಲ್ಲ ಎಂಬುದೇ ಹೇಸಿಗೆ. ತಮ್ಮ ನಿದ್ದೆ ನಿದ್ದೆ ಎಂದೂ, ನನ್ನ ಗಂಡನದು ತಕ್ರಾರು ಎಂದೂ ಅವರು ಮನಸಾರೆ ನಂಬಿದ್ದರು. ಕೆಳಗೆ ಗಿರಣಿಯ ಬಾಗಿಲಿಗೆ ಜೋತಿದ್ದ ಬೀಗವನ್ನು ನೋಡಿಕೊಂಡು ಬಸ್ಸಿಗೆ ನಡೆದೆ.

ಆ ಶ್ರಾವಣದಲ್ಲಿ ನಾನು ಅಂಜಿದ್ದೇ ಆಯಿತು. ಯಂತ್ರದ ಮುಂದೆ ನಿಂತಲ್ಲೇ ನಮ್ಮನೆಯವರಿಗೆ ಒಂದು ಗಳಿಗೆ ಕಣ್ಣು ಮುಚ್ಚಿತಂತೆ. ಬಲಗೈಯ ಎರಡು ಬೆರಳು ಹೋದವು, ತೋರುಬೆರಳು ಮತ್ತು ನಡುಬೆರಳು. ಗಾಯ ಮಾಯ್ದ ಮೇಲೆ ಕಾರ್ಖಾನೆಯವರು ಗೇಟಿನ ಹತ್ತಿರ ಹಗಲು ಕೆಲಸ ಕೊಟ್ಟರು. ನಮ್ಮನೆಯವರು ಬೈಯಲಿಲ್ಲ, ಅಳಲಿಲ್ಲ. ಎರಡೂ ನನ್ನ ಪಾಲಿಗೆ ಬಂದವು.

ತಮ್ಮಣ್ಣರಾಯರು ಕಡೆಯ ಸಲ ಬಂದದ್ದು ಅದಾಗಿ ಎರಡು ತಿಂಗಳಿಗೆ. ಗುರುವಾರವಾದ್ದರಿಂದ ನಮ್ಮನೆಯವರೂ ಇದ್ದರು. ಸಾಹೇಬರು ಹಣೆಗೆ ಭಸ್ಮ ಹಚ್ಚಿಕೊಂಡಿದ್ದರು, ಮುಖದಲ್ಲಿ ಭಾರ ಇಳಿಸಿದ ಕಳೆ.

"ಮಲ್ಲಪ್ಪ, ನಿಮ್ಮ ತಕ್ರಾರು ನಿಕಾಲಿ ಆತು ನೋಡ್ರಿ. ಈಗ ನಿಮ್ಮದು ಹಗಲ ಪಾಳಿ. ಹಗಲಿ ಮಲಗೂದ ಇಲ್ಲ ಅಂದ ಮ್ಯಾಲ ತ್ರಾಸ ಎಲ್ಲಿ ಉಳೀತು? ಇಲ್ಲೊಂದು ಸಹಿ ಹಾಕ್ರಿ, ಫೈಲ್ ಮುಚ್ಚತೀನಿ."

"ಹಾಕಬ್ಯಾಡ್ರಿ" ಎಂದೆ ನಾನು.

"ಹೋಗ್ಲಿ ಬಿಡು. ಉಪವಾಸದ ಮನುಷ್ಯ, ಬಿಸಲಾಗ ಬಂದಾರ" ಎಂದರು ನಮ್ಮನೆಯವರು.

ಪೆನ್ನನ್ನು ಹೆಬ್ಬೆರಳು ಮತ್ತು ಉಂಗುರಬೆರಳ ನಡುವೆ ಸಿಕ್ಕಿಸಿಕೊಂಡು ಬರೆದರು. ಗಲ್ಲಿಯ ಅರ್ಧ ಮಂದಿಯ ಕಾಗದ ಬರೆದುಕೊಡುತ್ತಿದ್ದ, ಕನ್ನಡ ಮರಾಠಿ ಎರಡರಲ್ಲೂ ಮುತ್ತಿನಂಥ ಅಕ್ಷರದ ಕೈ ಅದು. ಈಗ ಹೆಸರು ಕಾಗದದ ತುಂಬ ತೆವಳಿತು. ತಮ್ಮಣ್ಣರಾಯರು ಹಳೆಯ ಅರ್ಜಿಯನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದರು.

"ಸಹಿ ಹೊಂದವಲ್ದಲ್ರಿ. ನಾಳೆ ಮ್ಯಾಲಿನವರು ಕೇಳ್ತಾರ."

ನಮ್ಮನೆಯವರು ಬಲಗೈಯನ್ನು ಎತ್ತಿ ಅವರ ಮುಖದ ಮುಂದೆ ಹಿಡಿದರು. ತಮ್ಮಣ್ಣರಾಯರು ಅದನ್ನು ನೋಡಿದರು. ಚೆನ್ನಾಗಿಯೇ ನೋಡಿದರು. ಆಮೇಲೆ ಚೀಲದಿಂದ ಮಸಿ ಡಬ್ಬಿ ತೆಗೆದು, "ಹಂಗಾದ್ರ ಎಡಗೈ ಹೆಬ್ಬಟ್ಟು ಒತ್ತಿಬಿಡ್ರಿ" ಎಂದು, ತಾವೇ ಆ ಹೆಬ್ಬೆರಳನ್ನು ಹಿಡಿದು ಮಸಿಯಲ್ಲಿ ಹೊರಳಿಸಿ ಕಾಗದದ ಮೇಲೆ ಒತ್ತಿದರು. ಬಾಯಿಂದ ಊದಿ ಆರಿಸಿದರು. "ಭಾಳ ಸ್ವಚ್ಛ ಮೂಡೇದ" ಎಂದರು.

ಹೆಬ್ಬೆಟ್ಟಿನ ಕೆಳಗೆ ನಿಯಮದಂತೆ ಒಂದು ಸಾಲು ಬರೆಯಬೇಕಿತ್ತು. ಬರೆದು, ಸರಿ ಇದೆಯೇ ನೋಡಿ ಎಂದು ಕಾಗದವನ್ನು ನನ್ನ ಗಂಡನ ಕಡೆಗೆ ತಿರುಗಿಸಿದರು. 'ಅರ್ಜದಾರ ನಿರಕ್ಷರ ಆಹೇ.' ಅರ್ಜಿದಾರನಿಗೆ ಓದು ಬರಹ ಬರುವುದಿಲ್ಲ.

ನಮ್ಮನೆಯವರು ಅದನ್ನು ಓದಿ, ಸರಿ ಇದೆ ಎಂದು ಕಾಗದ ಹಿಂದಕ್ಕೆ ಕೊಟ್ಟರು.