ಎಸಿ ಪೈಪಿನೊಳಗಿನ ಪುರಿ

ಗೆಳೆಯರೇ, ನನ್ನ ಹಳೇ ಕಾರಿನ ಎಸಿ ನೀರು ಪಕ್ಕದ ಸೀಟಿನ ಕಾಲಡಿಗೆ ಸೋರುತ್ತಿದೆ ಎಂದು ಇವತ್ತು ಹಿರೀಸಾವೆಯ ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ ನೀರು ಹೋಗುವ ಪೈಪು ಬಿಚ್ಚಿ ಕೊಡವಿದ. ನೀರಿನ ಜೊತೆ ಚೆಂಡು ಹೂವಿನ ಎಸಳು, ಒಂದಷ್ಟು ಪುರಿ ಉದುರಿದವು.

"ಎಣದ ಮುಂದೆ ಎರ್ಚೋ ಪುರಿ ಕಣ್ ಸಾ!"

"ಯಾವ್ದೋ ಹೆಣದ ಹಿಂದೆ ಬಂದಾಗ ಬಿದ್ದಿರ್ಬೇಕು ಬಿಡಪ್ಪಾ," ಎಂದೆ.

ಅವನು ಒಂದು ಕಾಳು ಹಿಸುಕಿದ. ಅದು ಗರಿಗರಿಯಾಗಿ ಪುಡಿಯಾಯಿತು.

"ಇಷ್ಟ್ ದಿನ ನೀರಲ್ಲಿದ್ರೂ ನೆಂದೇ ಇಲ್ವಲ್ಲ ಸಾ! ಮನೇಲಿ ವಯಸ್ಸಾದೋರು ಯಾರಾನಾ ಅವ್ರಾ?"

ಇದ್ದಾರೆ ಎಂದೆ. ಅದು ನಾನೇ ಎಂದು ಹೇಳಲಿಲ್ಲ.

ಸೋರುವುದು ನಿಂತಿದೆ. ಬರುವಾಗ ಎಸಿ ಹಾಕಲೇ ಇಲ್ಲ. ಆದರೂ ಮನೆ ಮುಟ್ಟುವವರೆಗೂ ಚಳಿ ಬಿಡಲಿಲ್ಲ.